ಹಳೆಯ ಲ್ಯಾಪ್‌ಟಾಪಿನ ಎಡಿಟಿಂಗ್ ಕೋಣೆ

35 ಎಂ.ಎಂ. ಫಿಲ್ಮಿನ ಒಂದು ಅಡಿಯಲ್ಲಿ 16 ಫ್ರೇಮುಗಳಿರುತ್ತವೆ. ತೆರೆಯ ಮೇಲೆ ಅದು ಸೆಕೆಂಡಿಗೆ 24 ಫ್ರೇಮಿನಂತೆ ಓಡುತ್ತದೆ, ಅಂದರೆ ನಿಮಿಷಕ್ಕೆ 90 ಅಡಿ. ಎರಡೂವರೆ ಗಂಟೆಯ ಚಿತ್ರವೆಂದರೆ 13,500 ಅಡಿ, ನಾಲ್ಕು ಕಿಲೋಮೀಟರಿಗೂ ಮಿಕ್ಕಿದ ಫಿಲ್ಮು. ಇದು ಕತ್ತರಿಸಿ, ಅಂಟಿಸಿ ಮುಗಿಸಿದ ಮೇಲಿನ ಲೆಕ್ಕ. ಚಿತ್ರೀಕರಿಸಿದ ಫಿಲ್ಮು ಇದರ ಹಲವು ಪಟ್ಟು ಇರುತ್ತಿತ್ತು. ದಶಕಗಳ ಕಾಲ ಕನ್ನಡ ಚಿತ್ರಗಳ ರೀಲುಗಳು ಡಬ್ಬಗಳಲ್ಲಿ ಮದ್ರಾಸಿಗೆ ಹೋಗಿ, ಅಲ್ಲಿನ ಲ್ಯಾಬ್‌ಗಳಲ್ಲಿ ತೊಳೆಸಿಕೊಂಡು, ಅಲ್ಲಿನ ಎಡಿಟಿಂಗ್ ಕೋಣೆಗಳಲ್ಲೇ ಸಿನಿಮಾ ಆಗುತ್ತಿದ್ದವು.

ಈಗ ಅದೇ ಕೆಲಸ ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿನಲ್ಲಿ ಆಗುತ್ತದೆ. ಕಿರುಚಿತ್ರ, ಮದುವೆಯ ವಿಡಿಯೋ, ಯೂಟ್ಯೂಬ್ ಚಾನೆಲ್ಲು, ಕಾಲೇಜಿನ ಸಾಕ್ಷ್ಯಚಿತ್ರ ಎಲ್ಲವೂ ಹೀಗೆ ತಯಾರಾಗುತ್ತಿವೆ. ಈ ಬದಲಾವಣೆಯ ಕಥೆ ಹೇಳುವವರು ಹೊಸ ಕ್ಯಾಮೆರಾ, ಹೊಸ ಸಾಫ್ಟ್‌ವೇರ್, ಹೊಸ ಚಿಪ್ಪುಗಳ ಹೆಸರು ಹೇಳಿ ಮುಗಿಸುತ್ತಾರೆ. ಆದರೆ ಕಡಿಮೆ ಹಣದವರಿಗೆ ಸಂಕಲನದ ಬಾಗಿಲು ತೆರೆದದ್ದರಲ್ಲಿ ಹಳೆಯ ಯಂತ್ರಗಳ ಪಾಲು ದೊಡ್ಡದು. ತಳದ ಸ್ಕ್ರೂ ಬಿಚ್ಚಿ ರ‍್ಯಾಮ್ ಹಾಕಬಹುದಾದ, ಡಿಸ್ಕ್ ಬದಲಿಸಬಹುದಾದ ಯಂತ್ರಗಳು ಅವು.

ಫಿಲ್ಮಿನ ಕಾಲದ ಕೋಣೆಯಲ್ಲಿ ಮುಖ್ಯವಾಗಿದ್ದದ್ದು ಮೂವಿಯೋಲಾ. ಐವಾನ್ ಸೆರೂರಿಯೆ ಅದನ್ನು 1917ರಲ್ಲಿ ಅಮೆರಿಕದಲ್ಲಿ ರೂಪಿಸಿದ್ದು ಮನೆಯಲ್ಲಿ ಸಿನಿಮಾ ನೋಡುವ ಪ್ರೊಜೆಕ್ಟರಾಗಿ. ಅಷ್ಟು ಬೆಲೆ ಕೊಟ್ಟು ಮನೆಗೆ ಕೊಳ್ಳುವವರು ಸಿಗಲಿಲ್ಲ. 1924ರಲ್ಲಿ ಅದನ್ನೇ ಮಾರ್ಪಡಿಸಿ, ಸಂಕಲನಕಾರರು ಫಿಲ್ಮನ್ನು ಓಡಿಸಿ ನೋಡಿ ಕತ್ತರಿಸುವ ಯಂತ್ರವಾಗಿ ಮಾರಿದಾಗ ಹಾಲಿವುಡ್ ಕೈಹಿಡಿಯಿತು. ಮುಂದೆ ಜರ್ಮನಿಯ ಸ್ಟೀನ್‌ಬೆಕ್ ಮೇಜುಗಳು ಬಂದವು. ಅವುಗಳಲ್ಲಿ ರೀಲುಗಳು ತಟ್ಟೆಗಳ ಮೇಲೆ ಅಡ್ಡಲಾಗಿ ಮಲಗಿ ತಿರುಗುತ್ತಿದ್ದವು.

ಕೆಲಸದ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಲ್ಯಾಬ್‌ನಿಂದ ಬರುತ್ತಿದ್ದದ್ದು ರಷ್ ಪ್ರಿಂಟ್. ನೆಗೆಟಿವ್ ಅಲ್ಲೇ ಭದ್ರವಾಗಿರುತ್ತಿತ್ತು. ಸಂಕಲನಕಾರ ರಷ್ ಪ್ರಿಂಟಿನ ಮೇಲೆ ಮೇಣದ ಪೆನ್ಸಿಲಿನಿಂದ ಗೆರೆ ಎಳೆದು, ಸ್ಪ್ಲೈಸರಿನಲ್ಲಿ ಕತ್ತರಿಸಿ, ಎರಡು ತುದಿಗಳನ್ನು ಸಿಮೆಂಟಿನಿಂದಲೋ ಪಾರದರ್ಶಕ ಟೇಪಿನಿಂದಲೋ ಅಂಟಿಸುತ್ತಿದ್ದ. ಬೇಡವಾದ ತುಣುಕುಗಳು ಬಟ್ಟೆ ಹೊದಿಸಿದ ತೊಟ್ಟಿಯ ಮೇಲಿನ ಮೊಳೆಗಳಿಗೆ ನೇತುಬೀಳುತ್ತಿದ್ದವು. ಮೂರು ಫ್ರೇಮು ವಾಪಸ್ ಬೇಕೆಂದರೆ ಸಹಾಯಕ ಅದೇ ತೊಟ್ಟಿಯಲ್ಲಿ ಹುಡುಕಿ ತೆಗೆಯಬೇಕು. ಎಲ್ಲ ಒಪ್ಪಿಗೆಯಾದ ಮೇಲೆ ಫಿಲ್ಮಿನ ಅಂಚಿನಲ್ಲಿ ಅಚ್ಚಾಗಿದ್ದ ಸಂಖ್ಯೆಗಳನ್ನು ಹೊಂದಿಸಿಕೊಂಡು ನೆಗೆಟಿವ್ ಕತ್ತರಿಸುತ್ತಿದ್ದರು. ಮೂಲವನ್ನು ಮುಟ್ಟದೆ ನಕಲಿನ ಮೇಲೆ ಕೆಲಸ ಮಾಡುವ ಈ ಪದ್ಧತಿ ಮುಂದೆ ಯಂತ್ರಗಳು ಎಷ್ಟು ಬದಲಾದರೂ ಉಳಿದುಕೊಂಡಿತು. ಹಳೆಯ ಲ್ಯಾಪ್‌ಟಾಪಿನ ಮಟ್ಟಿಗೆ ಅದೇ ಜೀವಾಳ.

1956ರಲ್ಲಿ ಆಂಪೆಕ್ಸ್ ಕಂಪನಿ ವಿಡಿಯೋ ಟೇಪ್ ರೆಕಾರ್ಡರನ್ನು ತಂದಿತು. ಟೇಪಿನ ಎಡಿಟಿಂಗೆಂದರೆ ಒಂದು ಡೆಕ್‌ನಿಂದ ಇನ್ನೊಂದು ಡೆಕ್‌ಗೆ ಬೇಕಾದ ಭಾಗಗಳನ್ನು ಸಾಲಾಗಿ ನಕಲು ಮಾಡುತ್ತ ಹೋಗುವುದು. ನಡುವೆ ಒಂದು ದೃಶ್ಯ ಸೇರಿಸಬೇಕೆನಿಸಿದರೆ ಅಲ್ಲಿಂದ ಮುಂದಿನದನ್ನೆಲ್ಲ ಮತ್ತೆ ಮಾಡಬೇಕು. ಪ್ರತಿ ನಕಲಿಗೂ ಚಿತ್ರದ ಬಣ್ಣ ಒಂದಿಷ್ಟು ಕರಗುತ್ತದೆ. ಕರ್ನಾಟಕದ ಊರೂರುಗಳ ಫೋಟೋ ಸ್ಟುಡಿಯೋಗಳಿಗೆ ಎಡಿಟಿಂಗ್ ಬಂದದ್ದು ಈ ದಾರಿಯಲ್ಲೇ. ವಿಎಚ್‌ಎಸ್ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಮದುವೆಗೆ ಹೋಗಿ, ಬಂದು ‘ಮಿಕ್ಸಿಂಗ್’ ಮಾಡಿಸುತ್ತಿದ್ದರು. ವಧುವಿನ ಮುಖ ಹೃದಯದಾಕಾರದೊಳಗೆ ಮೂಡುವುದು, ತಾಳಿ ಕಟ್ಟುವಾಗ ಹೂವಿನ ಎಸಳುಗಳು ಉದುರುವುದು, ಹಿಂದೆ ಸಿನಿಮಾ ಹಾಡು. ಆ ಕಾಲದ ಕ್ಯಾಸೆಟ್ಟುಗಳು ಇನ್ನೂ ಎಷ್ಟೋ ಮನೆಗಳ ಬೀರುವಿನಲ್ಲಿವೆ.

ಕಂಪ್ಯೂಟರಿನಲ್ಲಿ ಸಂಕಲನ ಮಾಡುವ ಮೊದಲ ದೊಡ್ಡ ಪ್ರಯತ್ನ 1971ರ ಸಿಎಂಎಕ್ಸ್ 600. ಅದು ಕಪ್ಪು ಬಿಳುಪು ಚಿತ್ರವನ್ನು, ಅದೂ ಕಡಿಮೆ ಗುಣಮಟ್ಟದಲ್ಲಿ, ಡಿಸ್ಕುಗಳಲ್ಲಿ ಇಟ್ಟುಕೊಳ್ಳುತ್ತಿತ್ತು. ನಿಜವಾದ ತಿರುವು ಬಂದದ್ದು 1989ರಲ್ಲಿ. ಬಿಲ್ ವಾರ್ನರ್ ಎರಡು ವರ್ಷ ಮೊದಲು ಕಟ್ಟಿದ್ದ ಅವಿಡ್ ಕಂಪನಿ, ಆಪಲ್‌ನ ಮ್ಯಾಕಿಂಟಾಷ್ ಮೇಲೆ ಓಡುವ ಅವಿಡ್/1 ವ್ಯವಸ್ಥೆಯನ್ನು ಹೊರತಂದಿತು. ಡಿಸ್ಕಿನ ಜಾಗಕ್ಕೆ ಆಗ ವಿಪರೀತ ಬೆಲೆ. ಹಾಗಾಗಿ ಅವಿಡ್‌ನಲ್ಲೂ ಮಸುಕಾದ ನಕಲನ್ನೇ ಇಟ್ಟುಕೊಂಡು ಕತ್ತರಿಸುತ್ತಿದ್ದರು. ಕೊನೆಗೆ ಯಾವ ಶಾಟ್ ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ ಎಂಬ ಪಟ್ಟಿ ತೆಗೆದು ಅದರಂತೆ ಮೂಲವನ್ನು ಜೋಡಿಸುತ್ತಿದ್ದರು. ಇದಕ್ಕೆ ಆಫ್‌ಲೈನ್ ಎಡಿಟಿಂಗ್ ಎಂದು ಹೆಸರು. ರಷ್ ಪ್ರಿಂಟಿನ ಜಾಗಕ್ಕೆ ಮಸುಕು ವಿಡಿಯೋ ಬಂದಿತ್ತು, ಅಷ್ಟೇ.

ಭಾರತದಲ್ಲಿ ಅವಿಡ್ ಬಳಸಿದ ಮೊದಲ ಚಿತ್ರವೆಂದು 1994ರ ತಮಿಳು ಚಿತ್ರ ‘ಮಹಾನದಿ’ಯ ಹೆಸರು ಹೇಳುತ್ತಾರೆ.  ಹಾಲಿವುಡ್‌ನಲ್ಲಿ ವಾಲ್ಟರ್ ಮರ್ಚ್ ಅವಿಡ್‌ನಲ್ಲಿ ಸಂಕಲಿಸಿದ ‘ದಿ ಇಂಗ್ಲಿಷ್ ಪೇಷೆಂಟ್’ 1997ರಲ್ಲಿ ಆಸ್ಕರ್ ಗೆದ್ದಿತು. ಕಂಪ್ಯೂಟರಿನಲ್ಲಿ ಸಂಕಲನಗೊಂಡ ಚಿತ್ರಕ್ಕೆ ಸಂಕಲನದ ಆಸ್ಕರ್ ಬಂದದ್ದು ಅದೇ ಮೊದಲು. ಕನ್ನಡದಲ್ಲಿ 1994ರಲ್ಲಿ ಉದಯ ಟಿ.ವಿ. ಶುರುವಾಗಿ, ಧಾರಾವಾಹಿಗಳು ಹೆಚ್ಚಾಗಿ, ಎಡಿಟಿಂಗ್ ಗೊತ್ತಿರುವವರಿಗೆ ಬೇಡಿಕೆ ಏರಿತು. ಆದರೆ ಯಂತ್ರ ಕೈಗೆಟುಕುವಂತಿರಲಿಲ್ಲ. ಎಡಿಟ್ ಸೂಟನ್ನು ಬಾಡಿಗೆಗೆ ಪಡೆದು ಗಡಿಯಾರ ನೋಡಿಕೊಂಡು ಕೆಲಸ ಮಾಡಬೇಕಿತ್ತು. ಸುಮ್ಮನೆ ಕೂತು ಇನ್ನೊಂದು ಬಗೆಯಲ್ಲಿ ಕತ್ತರಿಸಿ ನೋಡೋಣ ಎನ್ನುವ ಸ್ವಾತಂತ್ರ್ಯ ಹಣವಿದ್ದವರಿಗೆ ಮಾತ್ರ.

ಬೇಲಿ ಮುರಿದದ್ದು ಡಿವಿ ಟೇಪು. 1995ರಲ್ಲಿ ಬಂದ ಡಿವಿ ಕ್ಯಾಮೆರಾಗಳು ದೃಶ್ಯವನ್ನು ಅಂಕಿಗಳ ರೂಪದಲ್ಲೇ ಬರೆದುಕೊಳ್ಳುತ್ತಿದ್ದವು. ಫೈರ್‌ವೈರ್ ಕೇಬಲ್ಲೊಂದರ ಮೂಲಕ ಅದು ಕಂಪ್ಯೂಟರಿಗೆ ಇಳಿಯುತ್ತಿತ್ತು. ಒಂದು ಗಂಟೆಯ ವಿಡಿಯೋಗೆ ಸುಮಾರು 13 ಜಿಬಿ ಜಾಗ ಸಾಕು. ಅಡೋಬಿಯ ಪ್ರೀಮಿಯರ್ 1991ರಿಂದಲೇ ಇತ್ತು. 1999ರಲ್ಲಿ ಆಪಲ್‌ನ ಫೈನಲ್ ಕಟ್ ಪ್ರೊ ಬಂತು. 2000ದ ಪವರ್‌ಬುಕ್ ಜಿ3 ಲ್ಯಾಪ್‌ಟಾಪಿನಲ್ಲಿ ಫೈರ್‌ವೈರ್ ಕಿಂಡಿಗಳು ಮೈಯಲ್ಲೇ ಇದ್ದವು. ಅದರ ಅಗ್ಗದ ಮಾದರಿಯ ಡಿಸ್ಕು 6 ಜಿಬಿ, ಅಂದರೆ ಅರ್ಧ ಗಂಟೆಯ ಡಿವಿಗೂ ಸಾಲದು. ಆದರೂ ತೊಡೆಯ ಮೇಲಿನ ಯಂತ್ರದಲ್ಲಿ ಸಿನಿಮಾ ಕತ್ತರಿಸಬಹುದೆಂಬುದು ಖಚಿತವಾಯಿತು. ಮೂರು ವರ್ಷದ ನಂತರ ಮರ್ಚ್ ‘ಕೋಲ್ಡ್ ಮೌಂಟನ್’ ಚಿತ್ರವನ್ನು ಅಂಗಡಿಯಲ್ಲಿ ಸಿಗುವ ಮ್ಯಾಕ್‌ಗಳ ಮೇಲೆ ಫೈನಲ್ ಕಟ್ ಪ್ರೊನಲ್ಲಿ ಸಂಕಲಿಸಿ, ಮತ್ತೆ ಆಸ್ಕರ್ ನಾಮನಿರ್ದೇಶನ ಪಡೆದರು.

ಇಲ್ಲಿ ಕಥೆ ಬೆಂಗಳೂರಿನ ಪೇಟೆಗೆ ಬರುತ್ತದೆ.

ಕೆಂಪೇಗೌಡರು 1537ರಲ್ಲಿ ಕಟ್ಟಿದ ಪೇಟೆಯಲ್ಲಿ ಕಸುಬಿಗೊಂದು ಬೀದಿ. ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ. ಆ ಹಳೇ ಪೇಟೆಯ ಅಂಚಿಗೆ, ಟೌನ್‌ಹಾಲ್‌ನಿಂದ ನಡೆದು ಹೋಗುವಷ್ಟು ದೂರದಲ್ಲಿ ಸದರ್ ಪತ್ರಪ್ಪ ರಸ್ತೆ ಇದೆ. ಜನರ ಬಾಯಲ್ಲಿ ಅದು ಎಸ್.ಪಿ. ರೋಡ್. ಹಾರ್ಡ್‌ವೇರ್ ಸಾಮಾನು, ಮೋಟರು, ಬೇರಿಂಗು, ವೈರುಗಳ ವ್ಯಾಪಾರಕ್ಕೆ ಹೆಸರಾದ ಬೀದಿ ಅದು. ಎಚ್‌ಎಎಲ್ (1940), ಐಟಿಐ (1948), ಎಚ್‌ಎಂಟಿ (1953), ಬಿಇಎಲ್ (1954) ಬಂದ ಮೇಲೆ ಊರಿನಲ್ಲಿ ಯಂತ್ರ ಬಿಚ್ಚಿ ಜೋಡಿಸಬಲ್ಲ ಕೈಗಳಿಗೆ ಕೊರತೆಯಿರಲಿಲ್ಲ. ರೇಡಿಯೋ ರಿಪೇರಿಯವರಿಗೆ ಟ್ರಾನ್ಸಿಸ್ಟರು, ಕೆಪಾಸಿಟರು, ಟಿ.ವಿ. ಮೆಕ್ಯಾನಿಕ್‌ಗೆ ಬಿಡಿಭಾಗ, ಎಂಜಿನಿಯರಿಂಗ್ ವಿದ್ಯಾರ್ಥಿಗೆ ಪ್ರಾಜೆಕ್ಟಿನ ಸಾಮಾನು, ಎಲ್ಲವೂ ಇಲ್ಲಿ ಸಿಗುತ್ತಿದ್ದವು. ದೆಹಲಿಗೆ ನೆಹರೂ ಪ್ಲೇಸ್, ಮುಂಬೈಗೆ ಲ್ಯಾಮಿಂಗ್ಟನ್ ರೋಡ್, ಚೆನ್ನೈಗೆ ರಿಚಿ ಸ್ಟ್ರೀಟ್ ಇದ್ದಂತೆ ಬೆಂಗಳೂರಿಗೆ ಎಸ್.ಪಿ. ರೋಡ್.

1990ರ ದಶಕದಲ್ಲಿ ಈ ಬೀದಿಗೆ ಕಂಪ್ಯೂಟರ್ ಬಂತು. ಭಾರತ 1997ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿದ ಮೇಲೆ ಕಂಪ್ಯೂಟರು, ಬಿಡಿಭಾಗಗಳ ಆಮದು ಸುಂಕ ಹಂತಹಂತವಾಗಿ ಇಳಿಯಿತು. ಬ್ರ್ಯಾಂಡೆಡ್ ಕಂಪ್ಯೂಟರ್ ಕೊಳ್ಳಲಾಗದವರು ಇಲ್ಲಿ ಮದರ್‌ಬೋರ್ಡ್, ಪ್ರೊಸೆಸರ್, ರ‍್ಯಾಮ್, ಕ್ಯಾಬಿನೆಟ್ ಒಂದೊಂದಾಗಿ ಆರಿಸಿಕೊಂಡು ‘ಅಸೆಂಬಲ್ಡ್ ಪಿಸಿ’ ಕಟ್ಟಿಸಿಕೊಂಡರು. ತುಮಕೂರು, ಮಂಡ್ಯ, ಕೋಲಾರದ ಮದುವೆ ವಿಡಿಯೋದವರು ಅದಕ್ಕೊಂದು ಫೈರ್‌ವೈರ್ ಅಥವಾ ಕ್ಯಾಪ್ಚರ್ ಕಾರ್ಡ್ ಹಾಕಿಸಿಕೊಂಡರು. ಜಪಾನಿನ ಕನೋಪಸ್ ಕಂಪನಿಯ ಈಡಿಯಸ್ ಸಾಫ್ಟ್‌ವೇರ್ ಅವರಿಗೆ ತುಂಬ ಹಿಡಿಸಿತು. ಬಗೆಬಗೆಯ ವಿಡಿಯೋಗಳನ್ನು ಒಂದೇ ಟೈಮ್‌ಲೈನಿಗೆ ಎಳೆದುಹಾಕಿದರೂ ಅದು ಲೆಕ್ಕಹಾಕಿ ಹೊಸದಾಗಿ ಸಿದ್ಧಪಡಿಸುವ ರೆಂಡರಿಗೆ ಕಾಯಿಸದೆ ಓಡಿಸುತ್ತಿತ್ತು. ಅಂಗಡಿಯಲ್ಲಿ ಗಿರಾಕಿ ಕಾದು ಕೂತಿರುವಾಗ ಇದಕ್ಕಿಂತ ದೊಡ್ಡ ಗುಣ ಬೇರೆ ಬೇಕಿರಲಿಲ್ಲ.

ಲ್ಯಾಪ್‌ಟಾಪಿನ ಸರದಿ ಬಂದದ್ದು ಐಟಿ ಕಂಪನಿಗಳಿಂದ. ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ 1970ರ ದಶಕದ ಕೊನೆಯಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿ ಕಟ್ಟತೊಡಗಿತು. ಇನ್ಫೊಸಿಸ್ 1983ರಲ್ಲಿ ಬೆಂಗಳೂರಿಗೆ ಬಂತು, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ. ಮುಂದಿನ ಎರಡು ದಶಕದಲ್ಲಿ ಊರು ಸಾಫ್ಟ್‌ವೇರ್ ನಗರವಾಯಿತು. ಈ ಕಂಪನಿಗಳು ಉದ್ಯೋಗಿಗಳಿಗೆ ಕೊಡುವ ಲ್ಯಾಪ್‌ಟಾಪುಗಳನ್ನು ಸಾಮಾನ್ಯವಾಗಿ ಮೂರು ನಾಲ್ಕು ವರ್ಷಕ್ಕೆ ಬದಲಿಸುತ್ತವೆ. ಹಲವು ಯಂತ್ರಗಳು ಲೀಸಿನವು. ಅವಧಿ ಮುಗಿದಾಗ ನೂರಾರು ಯಂತ್ರಗಳು ಒಂದೇ ಲಾಟಿನಲ್ಲಿ ಹೊರಬೀಳುತ್ತವೆ. ವ್ಯಾಪಾರಿಗಳು ಲಾಟು ಹಿಡಿದು, ಡಿಸ್ಕ್ ಅಳಿಸಿ, ಗೀರು ತಗ್ಗು ನೋಡಿ ಎ ಗ್ರೇಡು, ಬಿ ಗ್ರೇಡು ಎಂದು ವಿಂಗಡಿಸಿ ಅಂಗಡಿಗೆ ತರುತ್ತಾರೆ.

ಕಂಪನಿಗಳು ಕೊಳ್ಳುತ್ತಿದ್ದದ್ದು ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್‌ನಂಥ ಕಚೇರಿ ಮಾದರಿಗಳನ್ನು. ಮನೆಬಳಕೆಯ ಲ್ಯಾಪ್‌ಟಾಪಿಗೂ ಇವಕ್ಕೂ ದೊಡ್ಡ ವ್ಯತ್ಯಾಸವಿದೆ. ಸಾವಿರಾರು ಯಂತ್ರ ಸಂಭಾಳಿಸುವ ಕಂಪನಿಗೆ ಕೀಬೋರ್ಡು, ಡಿಸ್ಕು, ಮೆಮೊರಿಯನ್ನು ಕೂತಲ್ಲೇ ಬದಲಿಸುವ ಅನುಕೂಲ ಬೇಕು. ಹಾಗಾಗಿ 1992ರಲ್ಲಿ ಐಬಿಎಂ ತಂದ, 2005ರಲ್ಲಿ ಲೆನೊವೊ ಕೈಸೇರಿದ ಥಿಂಕ್‌ಪ್ಯಾಡ್‌ಗೆ ಯಾವ ಸ್ಕ್ರೂ ಎಲ್ಲಿದೆ ಎಂದು ಚಿತ್ರಸಹಿತ ತೋರಿಸುವ ಕೈಪಿಡಿ ಎಲ್ಲರಿಗೂ ಸಿಗುತ್ತದೆ. ದೊಡ್ಡ ಕಂಪನಿಗಳ ಅನುಕೂಲಕ್ಕೆ ಮಾಡಿದ ಈ ವ್ಯವಸ್ಥೆ, ಅದೇ ಯಂತ್ರವನ್ನು ನಾಲ್ಕು ವರ್ಷದ ನಂತರ ಕೊಂಡ ಹುಡುಗನಿಗೂ ಒದಗಿತು. ಎಡಿಟಿಂಗ್ ಮಾಡುವವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಎಂಜಿನಿಯರಿಂಗ್ ವಿಭಾಗದವರ ‘ವರ್ಕ್‌ಸ್ಟೇಷನ್’ ಮಾದರಿಗಳನ್ನು ಹುಡುಕತೊಡಗಿದರು. ಡೆಲ್ ಪ್ರಿಸಿಷನ್ ಎಂ4800ದಲ್ಲಿ ನಾಲ್ಕು ರ‍್ಯಾಮ್ ಸ್ಲಾಟುಗಳು, 32 ಜಿಬಿವರೆಗೆ ಜಾಗ, ಬೇರೆಯೇ ಗ್ರಾಫಿಕ್ಸ್ ಕಾರ್ಡು. ತೂಕ ಜಾಸ್ತಿ, ಫ್ಯಾನಿನ ಸದ್ದೂ ಜಾಸ್ತಿ, ಆದರೆ ಕೆಲಸಕ್ಕೆ ಗಟ್ಟಿ.

ಹೀಗೆ ಬಿಚ್ಚಿ ಬದಲಿಸಬಹುದಾದ ಯಂತ್ರವೊಂದನ್ನು ಹತ್ತಿರದಿಂದ ನೋಡುವುದಾದರೆ 2012ರ 13 ಇಂಚಿನ ಮ್ಯಾಕ್‌ಬುಕ್ ಪ್ರೊ ಒಳ್ಳೆಯ ಉದಾಹರಣೆ. ಆಪಲ್ ಅದನ್ನು 2016ರವರೆಗೂ ಮಾರಿತು. ಮಗುಚಿ ಹಾಕಿದರೆ ತಳದಲ್ಲಿ ಹತ್ತು ಸ್ಕ್ರೂ. ಮೂರು ಉದ್ದ, ಏಳು ಗಿಡ್ಡ. ಯಾವುದು ಎಲ್ಲಿಯದು ಎಂದು ಗುರುತಿಟ್ಟುಕೊಳ್ಳದಿದ್ದರೆ ವಾಪಸ್ ಕೂರಿಸುವಾಗ ಪರದಾಟ. ತಟ್ಟೆ ಎತ್ತಿದೊಡನೆ ಬ್ಯಾಟರಿಯ ಕನೆಕ್ಟರ್ ಬಿಡಿಸಬೇಕು. ನಡುವಿನಲ್ಲಿ ಒಂದರ ಮೇಲೊಂದು ಎರಡು ರ‍್ಯಾಮ್ ಪಟ್ಟಿಗಳು. ಬದಿಯ ಕೊಕ್ಕೆ ಸರಿಸಿದರೆ ಅವು ತಾವೇ ಮೇಲೇಳುತ್ತವೆ. ಆಪಲ್ ಹೇಳಿದ ಮಿತಿ 8 ಜಿಬಿ, ಹಾಕಿದರೆ ಒಪ್ಪುವುದು 16 ಜಿಬಿ. ಹಾರ್ಡ್ ಡಿಸ್ಕ್ ತೆಗೆದ ಜಾಗಕ್ಕೆ ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿ. ಸಿಡಿ ಡ್ರೈವನ್ನೂ ಬಿಚ್ಚಿ, ಆ ಗೂಡಿಗೆ ‘ಕ್ಯಾಡಿ’ಯಲ್ಲಿ ಕೂರಿಸಿದ ಹಳೆಯ ಡಿಸ್ಕನ್ನು ಇಡುತ್ತಿದ್ದರು. ಸಿಸ್ಟಮ್ಮು, ಸಾಫ್ಟ್‌ವೇರು ಎಸ್‌ಎಸ್‌ಡಿಯಲ್ಲಿ, ವಿಡಿಯೋ ರಾಶಿ ಹಳೆಯ ಡಿಸ್ಕಿನಲ್ಲಿ. ಅರ್ಧ ಗಂಟೆಯೂ ಹಿಡಿಯದ ಈ ಕೆಲಸದಿಂದ ಯಂತ್ರದ ಆಯುಸ್ಸು ಹಲವು ವರ್ಷ ಹೆಚ್ಚಿತು.

ಎಸ್‌ಎಸ್‌ಡಿ ತಂದ ಬದಲಾವಣೆಯನ್ನು ಅಂಕಿಯಲ್ಲೇ ಹೇಳಬಹುದು. ಲ್ಯಾಪ್‌ಟಾಪಿನ ಹಳೆಯ ತಿರುಗುವ ಡಿಸ್ಕು ಸೆಕೆಂಡಿಗೆ ಸುಮಾರು 100 ಎಂಬಿ ಓದಿದರೆ, ಸಾಟಾ ಎಸ್‌ಎಸ್‌ಡಿ 500ಕ್ಕೂ ಹೆಚ್ಚು, ಎನ್‌ವಿಎಂಇ ಎಸ್‌ಎಸ್‌ಡಿ 3,000ಕ್ಕೂ ಹೆಚ್ಚು ಓದುತ್ತದೆ. ಸಂಕಲನವೆಂದರೆ ಟೈಮ್‌ಲೈನಿನಲ್ಲಿ ಹಿಂದೆ ಮುಂದೆ ಹಾರುತ್ತಲೇ ಇರುವುದು. ತಿರುಗುವ ಡಿಸ್ಕಿನ ಮುಳ್ಳು ಪ್ರತಿ ಸಲ ಜಾಗ ಹುಡುಕಬೇಕಿತ್ತು. ಆ ಕಾಯುವಿಕೆ ಒಮ್ಮೆಲೇ ಇಲ್ಲವಾಯಿತು. ಅದೇ ಹೊತ್ತಿಗೆ ಸಾಫ್ಟ್‌ವೇರಿನ ಬೆಲೆಯೂ ಬಿತ್ತು. ಬಣ್ಣ ತಿದ್ದುವ ದುಬಾರಿ ಯಂತ್ರಗಳಿಗೆ ಹೆಸರಾಗಿದ್ದ ಡಾವಿಂಚಿ ಕಂಪನಿಯನ್ನು ಬ್ಲ್ಯಾಕ್‌ಮ್ಯಾಜಿಕ್ 2009ರಲ್ಲಿ ಕೊಂಡು, ಕೆಲವೇ ವರ್ಷಗಳಲ್ಲಿ ರಿಸಾಲ್ವ್ ಸಾಫ್ಟ್‌ವೇರಿನ ಒಂದು ಆವೃತ್ತಿಯನ್ನು ಉಚಿತವಾಗಿ ಕೊಟ್ಟಿತು.

ಆದರೆ ಹಳೆಯ ಯಂತ್ರಗಳಿಗೆ ಹೊಸ ಕಷ್ಟವೊಂದು ಮೊಬೈಲ್ ಫೋನಿನಿಂದ ಬಂತು. 2017ರಿಂದ ಐಫೋನುಗಳು ಎಚ್‌ಇವಿಸಿ ಎಂಬ ಬಿಗಿ ಸಂಕೋಚನದಲ್ಲಿ ವಿಡಿಯೋ ಬರೆಯತೊಡಗಿದವು. ಇಂಥ ಫೈಲಿನಲ್ಲಿ ಪ್ರತಿ ಫ್ರೇಮೂ ಪೂರ್ತಿಯಾಗಿ ಇರುವುದಿಲ್ಲ. ಹೆಚ್ಚಿನವುಗಳಲ್ಲಿ ಹಿಂದಿನ, ಮುಂದಿನ ಫ್ರೇಮಿಗಿಂತ ಏನು ಬದಲಾಗಿದೆ ಎಂಬುದಷ್ಟೇ ಇರುತ್ತದೆ. ಒಂದು ಫ್ರೇಮ್ ತೋರಿಸಲು ಪ್ರೊಸೆಸರ್ ಅಕ್ಕಪಕ್ಕದ ಹಲವನ್ನು ಬಿಡಿಸಬೇಕು. ಅದಕ್ಕೆಂದೇ ಚಿಪ್ಪಿನಲ್ಲಿ ಪ್ರತ್ಯೇಕ ಭಾಗ ಇದ್ದರೆ ಸಲೀಸು, ಇಲ್ಲದಿದ್ದರೆ ತಿಣುಕಾಟ. ಇಂಟೆಲ್‌ನಲ್ಲಿ ಕ್ವಿಕ್ ಸಿಂಕ್ ಎಂಬ ಆ ಭಾಗ 2011ರಲ್ಲೇ ಬಂದರೂ 10 ಬಿಟ್ ಎಚ್‌ಇವಿಸಿಯನ್ನು ಸರಾಗವಾಗಿ ಬಿಡಿಸಲು ಏಳನೇ ತಲೆಮಾರಿನವರೆಗೆ ಕಾಯಬೇಕಾಯಿತು. 2012ರ ಯಂತ್ರಕ್ಕೆ ಎಷ್ಟು ರ‍್ಯಾಮ್ ತುಂಬಿದರೂ ಈ ಕೊರತೆ ನೀಗದು.

ಇದಕ್ಕೆ ಉಪಾಯವಾಗಿ ಒದಗಿದ್ದು ಹಳೆಯ ನಕಲಿನ ಪದ್ಧತಿ. ಈಗ ಅದರ ಹೆಸರು ಪ್ರಾಕ್ಸಿ. 4ಕೆ ವಿಡಿಯೋದಲ್ಲಿ ಪೂರ್ಣ ಎಚ್‌ಡಿಯ ನಾಲ್ಕರಷ್ಟು ಚುಕ್ಕಿಗಳಿರುತ್ತವೆ. ರಾತ್ರಿ ಮಲಗುವ ಮುಂಚೆ ಎಲ್ಲ ಕ್ಲಿಪ್ಪುಗಳಿಗೂ ಚಿಕ್ಕ ಅಳತೆಯ, ಬಿಡಿಸಲು ಸುಲಭವಾದ ನಕಲು ತಯಾರಿಸಲು ಹಚ್ಚಿಟ್ಟರೆ ಬೆಳಗ್ಗೆ ಕೆಲಸಕ್ಕೆ ಸಿದ್ಧ. ಕತ್ತರಿಸುವುದೆಲ್ಲ ನಕಲಿನ ಮೇಲೆ. ಕೊನೆಯ ಎಕ್ಸ್‌ಪೋರ್ಟಿಗೆ ಮಾತ್ರ ಸಾಫ್ಟ್‌ವೇರ್ ಮೂಲ ಫೈಲನ್ನು ಎತ್ತಿಕೊಳ್ಳುತ್ತದೆ. ಮದ್ರಾಸಿನಲ್ಲಿ ಅಂಚಿನ ಸಂಖ್ಯೆ ಹೊಂದಿಸಿ ನೆಗೆಟಿವ್ ಕತ್ತರಿಸುತ್ತಿದ್ದವರ ಕೆಲಸವನ್ನು ಇಲ್ಲಿ ಪ್ರತಿ ಫ್ರೇಮಿನ ಸಮಯ ಗುರುತಿಸುವ ಟೈಮ್‌ಕೋಡ್ ಮಾಡುತ್ತದೆ.

ಇಷ್ಟೆಲ್ಲ ಅನುಭವ ಈಗ ಕೌಂಟರಿನ ಮುಂದಿನ ಪರೀಕ್ಷೆಯಾಗಿ ಇಳಿದಿದೆ. ತಿಳಿದ ಗಿರಾಕಿ ಮೊದಲು ಯಂತ್ರದ ಮೂಲ ಸೆಟ್ಟಿಂಗುಗಳಿರುವ ಬಯೋಸ್ ತೆರೆಸುತ್ತಾನೆ. ಕಂಪನಿಯ ಪಾಸ್‌ವರ್ಡ್ ಉಳಿದಿದ್ದರೆ ಅಲ್ಲಿಗೇ ವ್ಯವಹಾರ ಮುಗಿಯಿತು. ನಂತರ ಎಸ್‌ಎಸ್‌ಡಿಯ ಆರೋಗ್ಯ, ಬ್ಯಾಟರಿ ಎಷ್ಟು ಸಲ ಚಾರ್ಜ್ ಆಗಿದೆ, ಪರದೆಯ ಮೇಲೆ ಬಿಳಿ, ಕಪ್ಪು, ಕೆಂಪು ಬಣ್ಣ ತುಂಬಿಸಿ ಸತ್ತ ಚುಕ್ಕಿ ಇದೆಯೇ, ಹಿಂಜು ಸಡಿಲವೇ ಎಂದು ನೋಡುತ್ತಾನೆ. ತಾನು ತಂದ 4ಕೆ ಕ್ಲಿಪ್ಪನ್ನು ಹದಿನೈದು ನಿಮಿಷ ರೆಂಡರಿಗೆ ಹಾಕಿ ಫ್ಯಾನಿನ ಸದ್ದು ಕೇಳುತ್ತಾನೆ. ಬಿಸಿಯಾಗಿ ವೇಗ ಇಳಿದರೆ ಥರ್ಮಲ್ ಪೇಸ್ಟ್ ಒಣಗಿದೆ ಎಂದು ಅರ್ಥ. ಮೇಲಿನ ಮಹಡಿಯ ‘ಚಿಪ್ ಲೆವೆಲ್ ಸರ್ವೀಸ್’ ಬೋರ್ಡಿನ ಕೆಳಗೆ ಕೂತವರು ಅದನ್ನು ಬದಲಿಸಿಕೊಡುತ್ತಾರೆ. ಕೊನೆಗೆ ಬಿಲ್ಲು, ಟೆಸ್ಟಿಂಗ್ ವಾರಂಟಿ ಎಷ್ಟು ದಿನ ಎಂಬ ಮಾತು.

ಈ ವ್ಯಾಪಾರಕ್ಕೆ ಇನ್ನೊಂದು ಮುಖವಿದೆ. ರಿಪೇರಿಯಾಗದ ಯಂತ್ರ ಗುಜರಿಗೆ ಹೋಗುತ್ತದೆ. ಅಲ್ಲಿ ಬೋರ್ಡು ಸುಟ್ಟು, ಆಮ್ಲದಲ್ಲಿ ಅದ್ದಿ ಲೋಹ ತೆಗೆಯುವವರ ಶ್ವಾಸಕೋಶ ಹಾಳಾಗುತ್ತದೆ. ಸರ್ಕಾರದ ಮನ್ನಣೆ ಪಡೆದ ದೇಶದ ಮೊದಲ ಇ-ತ್ಯಾಜ್ಯ ಘಟಕ ಇ-ಪರಿಸರ 2005ರಲ್ಲಿ ಶುರುವಾದದ್ದು ಬೆಂಗಳೂರಿನ ಹೊರಗಿನ ದಾಬಸ್‌ಪೇಟೆಯಲ್ಲಿ. ಇ-ತ್ಯಾಜ್ಯ ನಿಯಮಗಳು 2012ರಿಂದ ಜಾರಿಗೆ ಬಂದವು. 2023ರ ಏಪ್ರಿಲ್‌ನಿಂದ ಜಾರಿಯಾದ ಹೊಸ ನಿಯಮಗಳು ಹಳೆಯ ಯಂತ್ರ ಸರಿಪಡಿಸಿ ಮಾರುವವರನ್ನೂ ನೋಂದಣಿಯ ವ್ಯಾಪ್ತಿಗೆ ತಂದಿವೆ. ಒಂದು ಲ್ಯಾಪ್‌ಟಾಪನ್ನು ಇನ್ನೈದು ವರ್ಷ ದುಡಿಸಿದರೆ ಅಷ್ಟು ಕಾಲ ಅದು ಗುಜರಿಗೆ ಬೀಳದು.

ಹಾಗೆ ದುಡಿಸುವುದೇ ಈಗ ಕಷ್ಟವಾಗುತ್ತಿದೆ. 2012ರ ರೆಟಿನಾ ಮ್ಯಾಕ್‌ಬುಕ್ ಪ್ರೊನಲ್ಲೇ ರ‍್ಯಾಮನ್ನು ಬೋರ್ಡಿಗೆ ಬೆಸುಗೆ ಹಾಕಲಾಗಿತ್ತು. 2020ರಲ್ಲಿ ಆಪಲ್‌ನ ಎಂ1 ಚಿಪ್ಪು ಬಂದ ಮೇಲೆ ಮೆಮೊರಿ ಅದರ ಪಕ್ಕದಲ್ಲೇ ಕೂತಿತು. ವಿಡಿಯೋ ಎಡಿಟಿಂಗಿಗೆ ಈ ಯಂತ್ರಗಳು ನಿಜಕ್ಕೂ ಅದ್ಭುತ. ಆದರೆ 8 ಜಿಬಿಯ ಮ್ಯಾಕ್ ಕೊಂಡವರು ಕೊನೆಯವರೆಗೂ 8 ಜಿಬಿಯಲ್ಲೇ ಇರಬೇಕು. ಥಿಂಕ್‌ಪ್ಯಾಡ್ ಕೂಡ ಅದೇ ದಾರಿ ಹಿಡಿಯಿತು. 2018ರ ಟಿ480ಯಲ್ಲಿ ಎರಡು ರ‍್ಯಾಮ್ ಸ್ಲಾಟ್ ಇದ್ದವು, 64 ಜಿಬಿವರೆಗೆ ಹಾಕಬಹುದಿತ್ತು. ಮರುವರ್ಷದ ಟಿ490ಯಲ್ಲಿ ಒಂದೇ ಸ್ಲಾಟ್ ಉಳಿದು, ಇನ್ನೊಂದರ ಮೆಮೊರಿ ಬೋರ್ಡಿಗೆ ಅಂಟಿತು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ನಿಂತಿತು. ವಿಂಡೋಸ್ 11 ಬೇಕೆಂದರೆ ಇಂಟೆಲ್ ಪ್ರೊಸೆಸರಾದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನಿಂದೀಚೆಗಿನದಾಗಿರಬೇಕು ಎಂಬುದು ಮೈಕ್ರೊಸಾಫ್ಟ್ ನಿಯಮ. ಈ ಗೆರೆ ಹಳೆಯ ಯಂತ್ರಗಳ ಮಾರುಕಟ್ಟೆಯನ್ನು ಎರಡಾಗಿ ಸೀಳಿದೆ. ಎಂಟನೇ ತಲೆಮಾರಿನ ಚಿಪ್ಪು, ಎರಡು ಸ್ಲಾಟು, ಎಚ್‌ಇವಿಸಿ ಬಿಡಿಸುವ ಶಕ್ತಿ ಮೂರೂ ಇರುವ ಟಿ480ಗೆ ಅದರಿಂದಲೇ ಬೆಲೆ. ಗೆರೆಯ ಆಚೆ ಉಳಿದ ಯಂತ್ರಗಳಿಗೆ ಲಿನಕ್ಸ್ ಹಾಕಿ, ಪ್ರಾಕ್ಸಿ ಸೌಲಭ್ಯವಿರುವ ಕೆಡೆನ್‌ಲೈವ್‌ನಂಥ ಮುಕ್ತ ತಂತ್ರಾಂಶದಲ್ಲಿ ಕೆಲಸ ಮುಂದುವರಿಸಬಹುದು. ರಿಸಾಲ್ವ್‌ಗೆ ಲಿನಕ್ಸ್ ಆವೃತ್ತಿ ಇದೆ, ಆದರೆ ಅದರ ಉಚಿತ ಆವೃತ್ತಿ ಫೋನಿನ ಸಾಮಾನ್ಯ ಎಚ್.264 ಫೈಲನ್ನು ತೆರೆಯುವುದಿಲ್ಲ. ಮೊದಲು ಬೇರೆ ರೂಪಕ್ಕೆ ಬದಲಿಸಿಕೊಳ್ಳಬೇಕು.

ಗಾಳಿ ತಿರುಗುವ ಸೂಚನೆಗಳೂ ಇವೆ. 2021ರಲ್ಲಿ ಅಮೆರಿಕದ ಫ್ರೇಮ್‌ವರ್ಕ್ ಕಂಪನಿ, ಬಳಸುವವರೇ ಪ್ರತಿ ಭಾಗವನ್ನೂ ಬದಲಿಸಬಹುದಾದ ಲ್ಯಾಪ್‌ಟಾಪನ್ನು ತಂದಿತು. 2024ರಲ್ಲಿ ಲೆನೊವೊ ಥಿಂಕ್‌ಪ್ಯಾಡ್ ಟಿ14 ಜೆನ್ 5ರಲ್ಲಿ ಎರಡೂ ರ‍್ಯಾಮ್ ಸ್ಲಾಟುಗಳನ್ನು ಮರಳಿ ಕೊಟ್ಟಿತು. ಅದೇ ವರ್ಷ ಬೆಸುಗೆಯಿಲ್ಲದೆ ಸ್ಕ್ರೂ ಹಾಕಿ ಕೂರಿಸುವ, ತೆಳ್ಳಗಿನ ಯಂತ್ರಕ್ಕೂ ಒಗ್ಗುವ ಎಲ್‌ಪಿಕ್ಯಾಮ್2 ಎಂಬ ಹೊಸ ಬಗೆಯ ಮೆಮೊರಿ ಲ್ಯಾಪ್‌ಟಾಪುಗಳಲ್ಲಿ ಕಾಣಿಸಿಕೊಂಡಿತು. ಕಚೇರಿಗಳ ಲೀಸ್ ಮುಗಿಸಿ ಇವು ಎಸ್.ಪಿ. ರೋಡಿನ ಕೌಂಟರುಗಳಿಗೆ ಬರುವುದು 2027, 2028ರ ಹೊತ್ತಿಗೆ. ಆಗ ಕಾಲೇಜು ಮುಗಿಸಿ ಮೊದಲ ಕಿರುಚಿತ್ರ ಕತ್ತರಿಸಲು ಹೊರಟವರಿಗೆ ಕಡಿಮೆ ಹಣಕ್ಕೆ ಮತ್ತೆ ಎರಡು ಸ್ಲಾಟಿನ ಯಂತ್ರ ಸಿಗಬೇಕು.